ದೊಡ್ಡ ಕರುಳಿನ ಕ್ಯಾನ್ಸರ್: ಮೊದಲು ಕೈಕೊಡುವುದು ಕಾವಲು ಪ್ರೋಟೀನು

ದೊಡ್ಡ ಕರುಳಿನ ಕ್ಯಾನ್ಸರ್ ರಾತ್ರಿ ಬೆಳಗಾಗುವುದರೊಳಗೆ ಹುಟ್ಟುವ ರೋಗವಲ್ಲ. ಕರುಳಿನ ಒಳಪದರದಲ್ಲಿ ಮೂಡುವ ಪಾಲಿಪ್ ಎಂಬ ಸಣ್ಣ ಗಂಟು ಕ್ಯಾನ್ಸರ್ ಆಗಿ ಮಾರ್ಪಡಲು ಸಾಮಾನ್ಯವಾಗಿ ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಆ ಗಂಟು ಮೂಡುವುದರ ಹಿಂದೆ ಬಹುತೇಕ ಜೀವಕೋಶದೊಳಗಿನ ಒಂದು ಪ್ರೋಟೀನಿನ ವೈಫಲ್ಯವಿದೆ. ಅದರ ಹೆಸರು ಎಪಿಸಿ.

ಕರುಳಿನ ಒಳಪದರ ಸುಮಾರು ಐದು ದಿನಗಳಿಗೊಮ್ಮೆ ಹೊಸದಾಗುತ್ತದೆ. ಸೂಕ್ಷ್ಮ ಕುಳಿಗಳ ತಳದಲ್ಲಿ ಹುಟ್ಟುವ ಕೋಶಗಳು ಮೇಲೇರಿ, ಕೊನೆಗೆ ಉದುರಿಹೋಗುತ್ತವೆ. ಕೋಶಗಳ ವಿಭಜನೆಗೆ ಪ್ರಚೋದನೆ ನೀಡುವುದು ಬೀಟಾ ಕೆಟೆನಿನ್ ಎಂಬ ಇನ್ನೊಂದು ಪ್ರೋಟೀನು. ಅದು ಮಿತಿಮೀರದಂತೆ ಹಿಡಿದು, ನಾಶಕ್ಕೆ ಒಪ್ಪಿಸುವ ಕಾವಲುಗಾರರಲ್ಲಿ ಎಪಿಸಿ ಪ್ರಮುಖವಾದುದು.

ಎಪಿಸಿ ವಂಶವಾಹಿಯ ಎರಡೂ ಪ್ರತಿಗಳು ಕೆಟ್ಟರೆ ಈ ಕಾವಲು ತಪ್ಪುತ್ತದೆ. ಬೀಟಾ ಕೆಟೆನಿನ್ ಕೋಶಕೇಂದ್ರವನ್ನು ಹೊಕ್ಕು ಬೆಳವಣಿಗೆಯ ವಂಶವಾಹಿಗಳನ್ನು ಚುರುಕುಗೊಳಿಸುತ್ತದೆ. ಉದುರಬೇಕಾದ ಕೋಶಗಳು ಅಲ್ಲೇ ಉಳಿದು ಗಂಟು ಕಟ್ಟುತ್ತವೆ. ಎಪಿಸಿ ವಂಶವಾಹಿ ಪತ್ತೆಯಾದದ್ದು 1991ರಲ್ಲಿ. ಅದರ ಪ್ರೋಟೀನು ಬೀಟಾ ಕೆಟೆನಿನ್‌ಗೆ ಅಂಟಿಕೊಳ್ಳುತ್ತದೆಂಬುದನ್ನು ಅಮೆರಿಕದ ಎರಡು ತಂಡಗಳು 1993ರಲ್ಲಿ ತೋರಿಸಿದವು. ದೊಡ್ಡ ಕರುಳಿನ ಕ್ಯಾನ್ಸರ್ ಗೆಡ್ಡೆಗಳಲ್ಲಿ ಸುಮಾರು ಶೇ. 80ರಷ್ಟರಲ್ಲಿ ಎಪಿಸಿ ದೋಷ ಕಾಣಸಿಗುತ್ತದೆ.

ಆದರೆ ಪಾಲಿಪ್ ಎಂದರೆ ಕ್ಯಾನ್ಸರ್ ಅಲ್ಲ. ಹೆಚ್ಚಿನವು ಕ್ಯಾನ್ಸರ್ ಆಗುವುದೂ ಇಲ್ಲ. ಮುಂದೆ ಕೆ-ರಾಸ್, ಪಿ53 ಮುಂತಾದವುಗಳಲ್ಲೂ ದೋಷಗಳು ಒಂದೊಂದಾಗಿ ಸೇರಿದಾಗ ಮಾತ್ರ ಅಪಾಯ ಬಲಿಯುತ್ತದೆ. ಈ ಹಂತಹಂತದ ಚಿತ್ರಣವನ್ನು 1990ರಲ್ಲಿ ವಿಜ್ಞಾನಿಗಳಾದ ಎರಿಕ್ ಫಿಯರಾನ್ ಮತ್ತು ಬರ್ಟ್ ವೋಗೆಲ್‌ಸ್ಟೈನ್ ಮಂಡಿಸಿದ್ದರು.

ಕೆಲವು ಕುಟುಂಬಗಳಲ್ಲಿ ಕೆಟ್ಟ ಎಪಿಸಿ ಪ್ರತಿ ಹುಟ್ಟಿನಿಂದಲೇ ಬರುತ್ತದೆ. ತಂದೆ ಅಥವಾ ತಾಯಿಗೆ ಈ ದೋಷವಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಶೇ. 50. ಇಂಥವರಲ್ಲಿ ಹದಿಹರೆಯದಿಂದಲೇ ನೂರಾರು ಪಾಲಿಪ್‌ಗಳು ಮೂಡತೊಡಗುತ್ತವೆ. ಚಿಕಿತ್ಸೆ ದೊರೆಯದಿದ್ದರೆ ಕ್ಯಾನ್ಸರ್ ಬಹುತೇಕ ಖಚಿತ. ಆದ್ದರಿಂದ ಈ ಕುಟುಂಬಗಳ ಮಕ್ಕಳಿಗೆ ಚಿಕ್ಕ ವಯಸ್ಸಿನಲ್ಲೇ ವಂಶವಾಹಿ ಪರೀಕ್ಷೆ ಅಗತ್ಯ.

ಕೆಟ್ಟ ಎಪಿಸಿಯನ್ನು ಸರಿಪಡಿಸುವ ಔಷಧ ಇನ್ನೂ ಬಳಕೆಗೆ ಬಂದಿಲ್ಲ. ಆದರೆ ಗಂಟು ಕ್ಯಾನ್ಸರ್ ಆಗುವ ಮುನ್ನ ದೊರೆಯುವ ವರ್ಷಗಳೇ ರೋಗಿಯ ಪಾಲಿನ ಅವಕಾಶ. ಕೊಲೊನೋಸ್ಕೋಪಿಯಲ್ಲಿ ಕಂಡ ಪಾಲಿಪ್ ಅನ್ನು ಹೆಚ್ಚಿನ ವೇಳೆ ಅದೇ ಪರೀಕ್ಷೆಯಲ್ಲಿ ತೆಗೆದುಹಾಕಬಹುದು. ಆರಂಭದಲ್ಲಿ ನೋವಾಗಲೀ ಬೇರೆ ಲಕ್ಷಣವಾಗಲೀ ಇರುವುದು ಅಪರೂಪ. ಮಲದಲ್ಲಿ ರಕ್ತ ಕಂಡಾಗ ಮೂಲವ್ಯಾಧಿ ಎಂದು ತಾವೇ ತೀರ್ಮಾನಿಸಿ ಸುಮ್ಮನಾದರೆ, ಆ ಅವಕಾಶ ಕೈತಪ್ಪಬಹುದು.