ಗಡಿ ದಾಟಿ ದೀಕ್ಷೆ ಪಡೆದ, ಗಡಿಯಲ್ಲೇ ಜೀವ ಬಿಟ್ಟ ದೇವಸಹಾಯಂ

ಕಾಸರಗೋಡು: ಜನವರಿ 14 ಅಂದ್ರೆ ಇಲ್ಲಿನ ಮನೆಗಳಲ್ಲಿ ಮಕರ ಸಂಕ್ರಮಣ, ಟಿವಿಯಲ್ಲಿ ಶಬರಿಮಲೆಯ ಮಕರಜ್ಯೋತಿ. ಅದೇ ದಿನ ಕೇರಳದ ಇನ್ನೊಂದು ತುದಿಯನ್ನೂ ದಾಟಿದರೆ ಸಿಗುವ ನಾಗರಕೋಯಿಲ್‌ನ ಕೋಟ್ಟಾರಿನಲ್ಲಿ ಒಬ್ಬ ಸಂತನ ಹಬ್ಬ. ಆತ ಪಾದ್ರಿಯಲ್ಲ, ಸನ್ಯಾಸಿಯಲ್ಲ. ದೇವಸ್ಥಾನದ ಲೆಕ್ಕಪತ್ರ ನೋಡುತ್ತಿದ್ದ, ಹೆಂಡತಿ ಮನೆ ಇದ್ದ, ಅರಮನೆಯ ಸಂಬಳ ತಿನ್ನುತ್ತಿದ್ದ ಮನುಷ್ಯ. 1752ರ ಜನವರಿ 14ರಂದು ಆತನನ್ನು ಗುಂಡಿಟ್ಟು ಕೊಂದರು. 2022ರ ಮೇ 15ರಂದು ರೋಮಿನಲ್ಲಿ ಪೋಪ್ ಫ್ರಾನ್ಸಿಸ್ ಆತನನ್ನು ಸಂತನೆಂದು ಸಾರಿದರು. ಭಾರತದ ಗೃಹಸ್ಥನೊಬ್ಬನಿಗೆ ಈ ಪದವಿ ಸಿಕ್ಕಿದ್ದು ಅದೇ ಮೊದಲು.

ಹೆಸರು ದೇವಸಹಾಯಂ.

ಮಂಗಳೂರಿನಿಂದ ಬೆಳಗ್ಗೆ ಹೊರಡುವ ಪರಶುರಾಮ್ ಎಕ್ಸ್‌ಪ್ರೆಸ್ ಹತ್ತಿ ಕೂತರೆ ರಾತ್ರಿ ಹೊತ್ತಿಗೆ ನಾಗರಕೋಯಿಲ್ ತಲುಪುತ್ತದೆ. ಅಷ್ಟು ದೂರದ ಕತೆ ಇಲ್ಲಿನವರಿಗೆ ಯಾಕೆ ಅಂತ ಕೇಳಬಹುದು. ಕಾಸರಗೋಡಿನ ಕನ್ನಡಿಗರು ಮರೆಯದ ದಿನವೊಂದಿದೆ, 1956ರ ನವೆಂಬರ್ 1. ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ತಾಲೂಕು ಕೇರಳಕ್ಕೆ ಹೋದ ದಿನ ಅದು. ಅದೇ ದಿನ, ಅದೇ ಕಾನೂನಿನ ಪ್ರಕಾರ, ತಿರುವಾಂಕೂರಿನ ದಕ್ಷಿಣದ ತೋವಾಳ, ಅಗಸ್ತೀಶ್ವರ, ಕಲ್ಕುಳಂ, ವಿಳವಂಕೋಡು ತಾಲೂಕುಗಳು ಮದ್ರಾಸಿಗೆ ಸೇರಿ ಕನ್ಯಾಕುಮಾರಿ ಜಿಲ್ಲೆಯಾದವು. ದೇವಸಹಾಯಂ ಹುಟ್ಟಿದ್ದು, ದುಡಿದದ್ದು, ಸತ್ತದ್ದು ಅಲ್ಲೇ. ಅಲ್ಲಿನ ಪದ್ಮನಾಭಪುರ ಅರಮನೆ ಇರುವುದು ತಮಿಳುನಾಡಿನ ನೆಲದಲ್ಲಿ, ನೋಡಿಕೊಳ್ಳುವುದು ಕೇರಳ ಸರಕಾರ. ಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಬೇಳ, ಕುಂಬಳೆ, ಮಂಜೇಶ್ವರದ ಇಗರ್ಜಿಗಳು ಕೇರಳದಲ್ಲಿದ್ದುಕೊಂಡೇ ಮಂಗಳೂರು ಧರ್ಮಪ್ರಾಂತಕ್ಕೆ ಸೇರಿದ ಹಾಗೆ.

ಮೊದಲಿನ ಹೆಸರು ನೀಲಕಂಠ ಪಿಳ್ಳೈ. 1712ರ ಏಪ್ರಿಲ್ 23ರಂದು ನಟ್ಟಾಲಂ ಎಂಬ ಹಳ್ಳಿಯ ಪ್ರತಿಷ್ಠಿತ ನಾಯರ್ ಮನೆತನದಲ್ಲಿ ಜನನ. ತಂದೆ ಕಾಯಂಕುಳಂ ಕಡೆಯ ನಂಬೂದಿರಿ. ಪದ್ಮನಾಭಪುರದ ನೀಲಕಂಠಸ್ವಾಮಿ ದೇವಸ್ಥಾನದಲ್ಲಿ ಅಧಿಕಾರಿಯಾಗಿ ಕೆಲಸ, ಆಮೇಲೆ ಅರಮನೆ ಸೇವೆ. ಆಗ ತಿರುವಾಂಕೂರನ್ನು ಆಳುತ್ತಿದ್ದವನು ಮಾರ್ತಾಂಡವರ್ಮ.

1741ರಲ್ಲಿ ಕೊಳಚ್ಚಲ್ ಕಡಲತೀರದಲ್ಲಿ ಮಾರ್ತಾಂಡವರ್ಮನ ಸೈನ್ಯ ಡಚ್ಚರನ್ನು ಸೋಲಿಸಿತು. ಸೆರೆಸಿಕ್ಕವರಲ್ಲಿ ಯುಸ್ಟಾಕಿಯಸ್ ಡಿ ಲನಾಯ್ ಎಂಬ ಕ್ಯಾಥೊಲಿಕ್ ಕ್ರೈಸ್ತನೂ ಇದ್ದ. ರಾಜ ಜಾಣ. ಸೆರೆಯಾಳನ್ನು ಕೊಲ್ಲುವ ಬದಲು ಅವನ ಕೈಲೇ ತನ್ನ ಸೈನಿಕರಿಗೆ ಐರೋಪ್ಯ ಕವಾಯತು ಹೇಳಿಕೊಡಿಸಿದ. ಪುಲಿಯೂರ್‌ಕುರಿಚ್ಚಿಯ ಉದಯಗಿರಿ ಕೋಟೆಯಲ್ಲಿ ಡಿ ಲನಾಯ್ ಕೆಲಸ ಮಾಡುವಾಗ ನೀಲಕಂಠ ಪಿಳ್ಳೈಗೂ ಆತನಿಗೂ ಸ್ನೇಹ ಬೆಳೆಯಿತು.

ಪಿಳ್ಳೈಗೆ ಆಗ ಕಷ್ಟಕಾಲ. ದನಕರು ಸಾಯುತ್ತಿದ್ದವು, ಬೆಳೆ ಕೈಗೆ ಹತ್ತುತ್ತಿರಲಿಲ್ಲ. ಮುಖ ಬಾಡಿಸಿಕೊಂಡು ಬಂದ ಗೆಳೆಯನಿಗೆ ಡಿ ಲನಾಯ್ ಬೈಬಲಿನ ಯೋಬನ ಕತೆ ಹೇಳಿದನಂತೆ. ಆಸ್ತಿ, ಮಕ್ಕಳು, ಆರೋಗ್ಯ ಎಲ್ಲ ಕಳೆದುಕೊಂಡರೂ ದೇವರನ್ನು ಬಿಡದವನ ಕತೆ. ಕಷ್ಟ ಬಂದದ್ದು ಪಾಪದ ಫಲ ಆಗಿರಲೇಬೇಕೆಂದಿಲ್ಲ ಎಂಬ ಮಾತು ಪಿಳ್ಳೈ ಮನಸ್ಸಿಗೆ ತಾಗಿತು.

ಜ್ಞಾನಸ್ನಾನ ಬೇಕೆಂದರೆ ತಿರುವಾಂಕೂರಿನೊಳಗೆ ಅಪಾಯ. ಅರಮನೆ ಸೇವೆಯಲ್ಲಿದ್ದವನು ಮತ ಬಿಟ್ಟರೆ ಸುಮ್ಮನಿರುತ್ತಾರೆಯೇ? ಅದಕ್ಕೇ ಡಿ ಲನಾಯ್ ಪತ್ರ ಹಿಡಿದು ಆರಲ್‌ವಾಯ್‌ಮೊಳಿ ಕಣಿವೆ ದಾಟಿ ಹೊರಟ. ಆ ಕಣಿವೆಯೇ ರಾಜ್ಯದ ಪೂರ್ವ ಬಾಗಿಲು. ಆಚೆಗಿನ ವಡಕ್ಕನ್‌ಕುಳಂ ಇವತ್ತಿನ ತಿರುನೆಲ್ವೇಲಿ ಜಿಲ್ಲೆಯ ಊರು. ಅಲ್ಲಿ ಯೇಸುಸಭೆಯ ಇಟಲಿಯ ಪಾದ್ರಿ ಬುಟ್ಟಾರಿ 1745ರ ಮೇ 14ರಂದು ಆತನಿಗೆ ಜ್ಞಾನಸ್ನಾನ ಕೊಟ್ಟರು. ಪಿಳ್ಳೈಗೆ ಆಗ 33 ವರ್ಷ. ಹೊಸ ಹೆಸರು ಲಾಜರಸ್, ತಮಿಳಿನಲ್ಲಿ ದೇವಸಹಾಯಂ. ಹೆಂಡತಿ ಭಾರ್ಗವಿ ಅಮ್ಮಾಳ್ ಕೂಡ ಗಂಡನ ದಾರಿಯನ್ನೇ ಹಿಡಿದು ತೆರೇಸಾ ಆದಳು, ತಮಿಳಿನಲ್ಲಿ ಜ್ಞಾನಪ್ಪೂ.

ಇಲ್ಲೊಂದು ವಿಷಯ ಬಿಡಿಸಿ ನೋಡಬೇಕು. ತಿರುವಾಂಕೂರಿನ ಕರಾವಳಿಗೆ ಕ್ರೈಸ್ತ ಧರ್ಮ ಹೊಸತೇನಲ್ಲ. ಅದಕ್ಕೂ ಇನ್ನೂರು ವರ್ಷ ಹಿಂದೆಯೇ, 1540ರ ದಶಕದಲ್ಲಿ, ಸಂತ ಫ್ರಾನ್ಸಿಸ್ ಝೇವಿಯರ್ ಅಲ್ಲಿನ ಬೆಸ್ತರಿಗೆ ದೀಕ್ಷೆ ಕೊಟ್ಟಿದ್ದರು. ರಾಜನ ಸ್ವಂತ ಸೇನಾನಿ ಡಿ ಲನಾಯ್ ಕೊನೆತನಕ ಕ್ಯಾಥೊಲಿಕನೇ ಆಗಿದ್ದ, ಕೋಟೆಯೊಳಗೇ ಇಗರ್ಜಿ ಇತ್ತು. ಹಾಗಾದರೆ ದೇವಸಹಾಯಂ ಮೇಲೆ ಯಾಕಿಷ್ಟು ಸಿಟ್ಟು? ಆತ ಮೇಲುಜಾತಿಯವ, ಅರಮನೆಯವ. ಮತ ಬದಲಿಸಿ ಮನೆಯೊಳಗೆ ಪ್ರಾರ್ಥನೆ ಮಾಡಿಕೊಂಡಿದ್ದರೆ ಹೇಗೋ ಏನೋ. ಆದರೆ ಆತ ಕೆಳಜಾತಿಯವರೆನಿಸಿದವರ ಜತೆ ಕೂತ, ಅವರ ಜತೆ ಉಂಡ, ದೇವರ ಮುಂದೆ ಎಲ್ಲರೂ ಒಂದೇ ಅಂತ ಬಾಯಿಬಿಟ್ಟು ಹೇಳಿದ. ದಾರಿಯಲ್ಲಿ ಎದುರಾದರೆ ಇಷ್ಟು ಅಡಿ ದೂರ ನಿಲ್ಲಬೇಕು ಎಂಬ ಲೆಕ್ಕ ಇದ್ದ ಕಾಲ ಅದು. ದೂರು ಅರಮನೆಗೆ ಹೋಯಿತು. 1749ರ ಫೆಬ್ರವರಿ 23ರಂದು ಸೆರೆ.

ಅಲ್ಲಿಂದ ಸಾವಿನ ತನಕ ಹೆಚ್ಚುಕಡಿಮೆ ಮೂರು ವರ್ಷ. ಒಂದು ಗುಂಡಿಗೆ ಎದೆಕೊಡುವುದು ಒಂದು ಕ್ಷಣದ ಮಾತು. ಮೂರು ವರ್ಷ ದಿನಾ ಬೆಳಗಾದರೆ ಅದೇ ಪ್ರಶ್ನೆ ಎದುರಿಸುವುದು ಬೇರೆಯೇ. ಬಿಡುತ್ತೀಯೋ ಇಲ್ಲವೋ? ಹಳೆ ಮತಕ್ಕೆ ಮರಳಿದರೆ ಸಾಕು, ಕೆಲಸ, ಮರ್ಯಾದೆ ಎಲ್ಲ ವಾಪಸ್ ಎಂಬ ಆಸೆ ಒಂದು ಕಡೆ, ಹೊಡೆತ ಇನ್ನೊಂದು ಕಡೆ. ಕೊರಳಿಗೆ ಎಕ್ಕದ ಹೂವಿನ ಮಾಲೆ ಹಾಕಿ, ಕೈಕಟ್ಟಿ, ಕೋಣದ ಮೇಲೆ ಹಿಂದುಮುಂದಾಗಿ ಕೂರಿಸಿ ಊರೂರು ಮೆರವಣಿಗೆ ಮಾಡಿದರು. ಬೆತ್ತದೇಟಿನ ಗಾಯಕ್ಕೆ ಮೆಣಸಿನ ಪುಡಿ ಹಚ್ಚಿ ಬಿಸಿಲಲ್ಲಿ ಕೂರಿಸಿದರು ಎಂದು ಕ್ರೈಸ್ತ ಬರಹಗಳು ಹೇಳುತ್ತವೆ. ನಿನ್ನೆ ಮೊನ್ನೆ ಕೈಮುಗಿಯುತ್ತಿದ್ದ ಜನರ ಮುಂದೆಯೇ ಇದೆಲ್ಲ. ಮರ್ಯಾದಸ್ಥ ಮನೆತನದವನಿಗೆ ಏಟಿಗಿಂತ ಇದೇ ಹೆಚ್ಚು ನೋವಾಗಿದ್ದಿರಬಹುದು.

ಪುಲಿಯೂರ್‌ಕುರಿಚ್ಚಿಯಲ್ಲಿ ಒಂದು ಬಂಡೆಯಿದೆ. ಬಾಯಾರಿ ಬಳಲಿದ ದೇವಸಹಾಯಂ ಪ್ರಾರ್ಥಿಸಿ ಮೊಣಕೈ ಊರಿದಾಗ ಅಲ್ಲಿ ನೀರು ಚಿಮ್ಮಿತು ಎಂದು ಜನರ ನಂಬಿಕೆ. ಬಂಡೆಯ ಹೆಸರು ಮುಟ್ಟಿಡಿಚ್ಚಾನ್ ಪಾರೆ. ಪೆರುವಿಳೈ ಎಂಬಲ್ಲಿ ಬೇವಿನ ಮರಕ್ಕೆ ಕಟ್ಟಿಹಾಕಿದ್ದರು ಎನ್ನುತ್ತಾರೆ. ಕಟ್ಟಿಹಾಕಿದ್ದರಿಂದ ಅರಮನೆಗೆ ಉಲ್ಟಾ ಆಯಿತು. ನೋಡಲು ಜನ ಬರತೊಡಗಿದರು, ಕಷ್ಟ ಹೇಳಿಕೊಂಡರು, ಕಾವಲುಗಾರರೂ ಮೆತ್ತಗಾದರು. ಕಡೆಗೆ ಊರೊಳಗೆ ಇಡುವುದೇ ಬೇಡವೆಂದು ಗಡಿಗೆ, ಅದೇ ಆರಲ್‌ವಾಯ್‌ಮೊಳಿಗೆ ಸಾಗಿಸಿದರು. ಕಣಿವೆ ದಾಟಿದರೆ ವಡಕ್ಕನ್‌ಕುಳಂ, ಜ್ಞಾನಸ್ನಾನ ಪಡೆದ ಊರು. ತಪ್ಪಿಸಿಕೊಂಡು ಹೋಗುವ ಅವಕಾಶ ಇದ್ದರೂ ಆತ ಓಡಲಿಲ್ಲ ಎಂಬುದು ಅಲ್ಲಿನ ಕ್ರೈಸ್ತರು ಇಂದಿಗೂ ಹೇಳುವ ಮಾತು.

ಕಾಟ್ರಾಡಿಮಲೆ ಎಂಬ ಗುಡ್ಡದ ಮೇಲೆ ಗುಂಡು ಹೊಡೆದು ಹೆಣವನ್ನು ಕಾಡಲ್ಲೇ ಬಿಟ್ಟರು. ವಯಸ್ಸು ನಲವತ್ತೂ ತುಂಬಿರಲಿಲ್ಲ. ಕೆಲವು ದಿನದ ಮೇಲೆ ಜನ ಹುಡುಕಿ ಉಳಿದ ಎಲುಬುಗಳನ್ನು ಕೋಟ್ಟಾರಿನ ಸಂತ ಫ್ರಾನ್ಸಿಸ್ ಝೇವಿಯರ್ ಇಗರ್ಜಿಗೆ ತಂದು ಸಮಾಧಿ ಮಾಡಿದರು. ಹೆಂಡತಿ ತವರಿಗೆ ಮರಳಲಿಲ್ಲ. ಗಡಿಯಾಚೆ ವಡಕ್ಕನ್‌ಕುಳಕ್ಕೆ ಹೋಗಿ, ಸಾಯುವ ತನಕ ಅಲ್ಲೇ ಇದ್ದಳು. ಗಂಡನ ಬಗ್ಗೆ ಪುಸ್ತಕ, ನಾಟಕಗಳು ಬಂದಿವೆ. ಆಸ್ತಿ, ಬಂಧು ಬಳಗ ಬಿಟ್ಟು, ಗಂಡನೂ ಇಲ್ಲದ ಪರಊರಲ್ಲಿ ನಂಬಿಕೆ ಉಳಿಸಿಕೊಂಡವಳ ಬಗ್ಗೆ ನಾಲ್ಕು ಸಾಲು ಸಿಕ್ಕರೆ ಹೆಚ್ಚು.

ಈ ಕತೆಯನ್ನು ಎಲ್ಲರೂ ಹೀಗೆಯೇ ಒಪ್ಪುವುದಿಲ್ಲ. ಮಾರ್ತಾಂಡವರ್ಮನ ಕಾಲದಲ್ಲಿ ಮತದ ಕಾರಣಕ್ಕೆ ಯಾರನ್ನೂ ಕೊಂದ ದಾಖಲೆ ಇಲ್ಲ, ರಾಜದ್ರೋಹದ ಆರೋಪಕ್ಕೆ ಶಿಕ್ಷೆಯಾಗಿರಬೇಕು ಎನ್ನುವ ಇತಿಹಾಸಕಾರರಿದ್ದಾರೆ. ಇನ್ನೊಂದು ಕಡೆ, ಸತ್ತ ನಾಲ್ಕೇ ವರ್ಷಕ್ಕೆ, 1756ರಲ್ಲಿ, ಕೊಚ್ಚಿಯ ಬಿಷಪ್ ರೋಮಿಗೆ ಕಳಿಸಿದ ವರದಿಯಲ್ಲಿ ಈ ಸಾವಿನ ಪ್ರಸ್ತಾಪವಿದೆ. ಆ ಕಾಲದಲ್ಲಿ ಮತ, ಜಾತಿ, ರಾಜನಿಷ್ಠೆ ಮೂರೂ ಒಂದೇ ಹಗ್ಗದ ಎಳೆಗಳು. ಒಂದನ್ನು ಬಿಟ್ಟವನು ಮೂರನ್ನೂ ಬಿಟ್ಟನೆಂದೇ ಅರಮನೆ ಲೆಕ್ಕ ಹಾಕಿದ್ದರೆ ಆಶ್ಚರ್ಯವೇನಿಲ್ಲ.

ಇಗರ್ಜಿಯೊಳಗಿನ ಕತೆಯೂ ಸಿಹಿಯಾಗೇನಿಲ್ಲ. ಎಲ್ಲರೂ ಒಂದೇ ಎಂದವನು ಜ್ಞಾನಸ್ನಾನ ಪಡೆದ ಆ ವಡಕ್ಕನ್‌ಕುಳದಲ್ಲೇ ಮುಂದೆ 19ನೇ ಶತಮಾನದಲ್ಲಿ ಇಗರ್ಜಿಯನ್ನು ಎರಡು ಕವಲಾಗಿ ಕಟ್ಟಿಸಿದರು. ಪೀಠ ಒಂದೇ, ಪೂಜೆ ಒಂದೇ, ಆದರೆ ಮೇಲುಜಾತಿಯ ಕ್ರೈಸ್ತರಿಗೆ ಒಂದು ಭಾಗ, ಕೆಳಜಾತಿಯವರಿಗೆ ಇನ್ನೊಂದು. ನೋಡಲು ಪ್ಯಾಂಟಿನ ಎರಡು ಕಾಲಿನ ಹಾಗಿದೆ ಅಂತ ಆಡಿಕೊಳ್ಳುವವರೂ ಇದ್ದರು. ನಡುವಿನ ತಡೆ ಕಿತ್ತದ್ದು 1910ರಲ್ಲಿ, ಅದೂ ಗಲಾಟೆ, ಕೋರ್ಟು ಕಚೇರಿಯ ನಡುವೆ. ಬಲಿಕೊಟ್ಟವನ ಹೆಸರು ಹೇಳಿ ಮೆರವಣಿಗೆ ಮಾಡುವುದು ಸುಲಭ, ಆತ ಕೂತ ಪಂಕ್ತಿಯಲ್ಲಿ ಕೂರುವುದು ಕಷ್ಟ.

2012ರ ಡಿಸೆಂಬರ್ 2ರಂದು ನಾಗರಕೋಯಿಲ್‌ನಲ್ಲಿ ಆತನಿಗೆ ‘ಪುನೀತ’ ಪದವಿ ಘೋಷಿಸಿದಾಗ ಹೆಸರು ದೇವಸಹಾಯಂ ಪಿಳ್ಳೈ ಎಂದೇ ಇತ್ತು. ಜಾತಿಯ ಗೋಡೆ ದಾಟಿದವನಿಗೆ ಮತ್ತೆ ಜಾತಿಯ ಬಾಲ ಯಾಕೆ ಎಂಬ ಆಕ್ಷೇಪ ಆಮೇಲೆ ಬಂತು. ರೋಮಿಗೆ ಪತ್ರಗಳು ಹೋದವು. 2022ರಲ್ಲಿ ಹತ್ತು ಮಂದಿಯನ್ನು ಒಟ್ಟಿಗೆ ಸಂತರೆಂದು ಸಾರಿದಾಗ ‘ಪಿಳ್ಳೈ’ ಬಿಟ್ಟುಹೋಗಿ ಬರೀ ದೇವಸಹಾಯಂ ಉಳಿಯಿತು. ಅದೇ ಪಟ್ಟಿಯಲ್ಲಿ ಹಿಟ್ಲರನ ದಾಖೌ ಶಿಬಿರದಲ್ಲಿ 1942ರಲ್ಲಿ ಸತ್ತ ಡಚ್ ಪಾದ್ರಿ ಟೈಟಸ್ ಬ್ರಾಂಡ್ಸ್ಮಾ ಹೆಸರೂ ಇತ್ತು.

ಕನ್ಯಾಕುಮಾರಿ ಟೂರ್ ಹೋಗುವವರು ಪದ್ಮನಾಭಪುರ ಅರಮನೆ ನೋಡದೆ ಬರುವುದಿಲ್ಲ. ಅಲ್ಲಿಂದ ಉದಯಗಿರಿ ಕೋಟೆ ಹತ್ತಿರವೇ. ಪಾಳುಬಿದ್ದ ಇಗರ್ಜಿಯ ಗೋಡೆಗಳ ನಡುವೆ 1777ರಲ್ಲಿ ತೀರಿಕೊಂಡ ಡಿ ಲನಾಯ್ ಸಮಾಧಿ ಇದೆ, ಮೇಲೆ ಲ್ಯಾಟಿನ್ ಮತ್ತು ತಮಿಳು ಬರಹ. ಕೋಟ್ಟಾರಿನ ಸಮಾಧಿ ನಾಗರಕೋಯಿಲ್ ಪೇಟೆಯೊಳಗೇ. ಕಾಟ್ರಾಡಿಮಲೆಗೆ ಹೋಗಬೇಕಾದರೆ ತಿರುನೆಲ್ವೇಲಿ ದಾರಿಯಲ್ಲಿ ಆರಲ್‌ವಾಯ್‌ಮೊಳಿಯಲ್ಲಿ ಇಳಿಯಬೇಕು. ಕಣಿವೆಯಲ್ಲಿ ಗಾಳಿ ಜೋರು, ಸುತ್ತಲೂ ಗಾಳಿಯಂತ್ರಗಳು. ಗುಡ್ಡದ ಮೇಲಿನ ಒಂದು ಬಂಡೆಯನ್ನು ಸಣ್ಣ ಕಲ್ಲಿನಿಂದ ಬಡಿದರೆ ಗಂಟೆಯ ಹಾಗೆ ಸದ್ದು ಬರುತ್ತದೆ. ಬಂದವರೆಲ್ಲ ಒಮ್ಮೆ ಬಡಿದು ನೋಡುತ್ತಾರೆ.