ಕೊನೆಯ ಕ್ಲಿಕ್ಕಿನ ಲೆಕ್ಕ: ಆನ್‌ಲೈನ್ ಮುಂಗಟ್ಟಿನ ಹಿಂದಿರುವ ಯಂತ್ರ

ಅಡುಗೆ, ಕೈತೋಟ, ಸೀರೆ, ಮೊಬೈಲು ಮುಂತಾದ ವಿಷಯಗಳ ಬಗ್ಗೆ ಯೂಟ್ಯೂಬ್ ಅಥವಾ ಇನ್‌ಸ್ಟಾಗ್ರಾಂನಲ್ಲಿ ಮಾತನಾಡುತ್ತ ನೋಡುಗರ ವಿಶ್ವಾಸ ಗಳಿಸಿಕೊಂಡವರನ್ನು ಇನ್‌ಫ್ಲುಯೆನ್ಸರ್ ಎಂದು ಕರೆಯುವುದು ಕನ್ನಡದಲ್ಲೂ ರೂಢಿಯಾಗಿದೆ. ಅವರು ತಾವು ಬಳಸಿ ಮೆಚ್ಚಿದ ಸಾಮಾನುಗಳನ್ನು ಒಂದೆಡೆ ಜೋಡಿಸಿ ತೋರಿಸುವ ಆನ್‌ಲೈನ್ ಪುಟಕ್ಕೆ ಸ್ಟೋರ್‌ಫ್ರಂಟ್, ಎಂದರೆ ಅಂಗಡಿ ಮುಂಗಟ್ಟು, ಎಂಬ ಹೆಸರಿದೆ. ಮುಂಗಟ್ಟು ಎಂಬ ಮಾತು ಇಲ್ಲಿ ಅಕ್ಷರಶಃ ಹೊಂದುತ್ತದೆ, ಏಕೆಂದರೆ ಆ ಪುಟದ ಹಿಂದೆ ಗೋದಾಮಾಗಲಿ ದಾಸ್ತಾನಾಗಲಿ ಇರುವುದಿಲ್ಲ. ಸರಕು, ಬಿಲ್ಲು, ಸಾಗಣೆ, ವಾಪಸಾತಿ ಎಲ್ಲವೂ ಅಮೆಜಾನಿನಂಥ ಮಾರಾಟ ಸಂಸ್ಥೆಯ ಪಾಲಿಗೆ ಸೇರಿದ್ದು, ಮುಂಗಟ್ಟಿನ ಒಡೆಯರಿಗೆ ಸಲ್ಲುವುದು ಅವರ ಮೂಲಕ ಬಂದ ಗಿರಾಕಿ ಕೊಂಡ ವಸ್ತುವಿನ ಬೆಲೆಯಲ್ಲಿ ಒಂದು ಸಣ್ಣ ಭಾಗ ಮಾತ್ರ. ಈ ಭಾಗವನ್ನು ಅಫಿಲಿಯೇಟ್ ಕಮಿಷನ್ ಎನ್ನುತ್ತಾರೆ. ಗಿರಾಕಿ ‘ಅವರ ಮೂಲಕವೇ’ ಬಂದನೆಂಬುದನ್ನು ಯಾರು ತೀರ್ಮಾನಿಸುತ್ತಾರೆ, ಯಾವ ಸಾಕ್ಷ್ಯದ ಮೇಲೆ ತೀರ್ಮಾನಿಸುತ್ತಾರೆ ಎಂಬ ಪ್ರಶ್ನೆಯಲ್ಲಿ ಇಡೀ ವ್ಯವಸ್ಥೆಯ ತಿರುಳಿದೆ, ಮತ್ತು ಅದನ್ನು ತಿಳಿಯದೆ ಮುಂಗಟ್ಟು ತೆರೆದವರು ತಮ್ಮ ದುಡಿಮೆ ಎಲ್ಲಿ ಸೋರಿಹೋಗುತ್ತಿದೆ ಎಂಬುದನ್ನು ಕಾಣಲಾರರು.

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ರೈತನ ಮಾಲನ್ನು ಯಾವ ದಲಾಲರ ಅಂಗಡಿಯಲ್ಲಿ ಇಳಿಸಲಾಯಿತು, ಯಾರು ಕೊಂಡರು ಎಂಬುದೆಲ್ಲ ದಾಖಲಾಗುತ್ತದೆ. ಜಾಲತಾಣಗಳ ಲೋಕದಲ್ಲಿ ಹಾಗಿಲ್ಲ. ಪುಟಗಳನ್ನು ಕೇಳುವ ಬ್ರೌಸರಿಗೂ ಅವನ್ನು ಕಳುಹಿಸಿಕೊಡುವ ಸರ್ವರಿಗೂ ನಡುವಿನ ಮಾತುಕತೆಯ ನಿಯಮಾವಳಿಯಾದ ಎಚ್‌ಟಿಟಿಪಿಗೆ ಹುಟ್ಟಿನಿಂದಲೇ ನೆನಪಿನ ಶಕ್ತಿ ಇಲ್ಲ: ಒಂದು ಪುಟವನ್ನು ಕೊಟ್ಟ ಮರುಕ್ಷಣದಲ್ಲಿ ಅದೇ ವ್ಯಕ್ತಿ ಇನ್ನೊಂದು ಪುಟ ಕೇಳಿದರೂ ಸರ್ವರಿಗೆ ಅವನು ಹೊಸಬನೇ. 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಎಂಜಿನಿಯರ್ ಲೂ ಮೊಂಟುಲಿ ಈ ಕೊರತೆಯನ್ನು ತುಂಬಲು ಕುಕಿ ಎಂಬ ಉಪಾಯವನ್ನು ರೂಪಿಸಿದರು. ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿ ಬಿಟ್ಟವರಿಗೆ ಸಂಖ್ಯೆಯುಳ್ಳ ಟೋಕನ್ ಕೊಡುವಂತೆ, ಸರ್ವರು ಬ್ರೌಸರಿನ ಕೈಗೆ ಒಂದು ಸಣ್ಣ ಅಕ್ಷರಗುಚ್ಛವನ್ನು ಕೊಡುತ್ತದೆ. ಬ್ರೌಸರು ಅದನ್ನು ಜೋಪಾನವಾಗಿ ಇಟ್ಟುಕೊಂಡು, ಮತ್ತೆ ಅದೇ ತಾಣಕ್ಕೆ ಹೋದಾಗಲೆಲ್ಲ ತಾನಾಗಿಯೇ ತೋರಿಸುತ್ತದೆ. ಟೋಕನ್ನಿನಲ್ಲಿ ವ್ಯಕ್ತಿಯ ಹೆಸರಿರುವುದಿಲ್ಲ, ಆದರೆ ಟೋಕನ್ ಹಿಡಿದವನು ಹಿಂದೆ ಬಂದವನೇ ಎಂಬುದಕ್ಕೆ ಅಷ್ಟೇ ಸಾಕು. ಎರಡೇ ವರ್ಷಗಳಲ್ಲಿ, 1996ರ ಜುಲೈ ತಿಂಗಳಲ್ಲಿ, ಆಗ ಪುಸ್ತಕದ ಅಂಗಡಿಯಷ್ಟೇ ಆಗಿದ್ದ ಅಮೆಜಾನ್ ಅಸೋಸಿಯೇಟ್ಸ್ ಎಂಬ ತನ್ನ ಅಫಿಲಿಯೇಟ್ ಯೋಜನೆಯನ್ನು ಆರಂಭಿಸಿತು; ಇದರ ಮುಂದಿನ ರೂಪವಾದ ಇನ್‌ಫ್ಲುಯೆನ್ಸರ್ ಮುಂಗಟ್ಟುಗಳು ಅಮೆರಿಕದಲ್ಲಿ 2017ರಲ್ಲಿ ಬಂದವು.

ಯಂತ್ರದ ಮೊದಲ ಭಾಗ ಲಿಂಕ್. ಅಮೆಜಾನಿನಲ್ಲಿ ಪ್ರತಿಯೊಂದು ವಸ್ತುವಿಗೂ ಹತ್ತು ಅಕ್ಷರ ಅಥವಾ ಅಂಕಿಗಳ ಒಂದು ಗುರುತುಸಂಖ್ಯೆ ಇದೆ, ಅದನ್ನು ಎಸಿನ್ ಎನ್ನುತ್ತಾರೆ. ಶಿಫಾರಸು ಮಾಡುವವರು ಹಂಚುವ ವಿಳಾಸದಲ್ಲಿ ಈ ಸಂಖ್ಯೆಯ ಜೊತೆಗೆ ಟ್ಯಾಗ್ ಎಂಬ ಇನ್ನೊಂದು ತುಣುಕು ಸೇರಿರುತ್ತದೆ, ಭಾರತದ ತಾಣದಲ್ಲಿ ಅದು 21 ಎಂಬ ಅಂಕಿಯಿಂದಲೂ ಅಮೆರಿಕದ ತಾಣದಲ್ಲಿ 20 ಎಂಬುದರಿಂದಲೂ ಕೊನೆಯಾಗುತ್ತದೆ. ಎಸಿನ್ ‘ಯಾವ ವಸ್ತು’ ಎಂಬುದಕ್ಕೆ ಉತ್ತರವಾದರೆ ಟ್ಯಾಗ್ ‘ಯಾರು ಕಳುಹಿಸಿದ್ದು’ ಎಂಬುದಕ್ಕೆ ಉತ್ತರ. ಲಿಂಕನ್ನು ಒತ್ತಿದ ಕೂಡಲೇ ಮಾರಾಟ ಸಂಸ್ಥೆಯ ಸರ್ವರು ಟ್ಯಾಗನ್ನು ಓದಿ ಅದನ್ನು ಗಿರಾಕಿಯ ಬ್ರೌಸರಿನ ಕುಕಿಯೊಂದಿಗೆ ಹೊಂದಿಸಿಡುತ್ತದೆ, ಬಳಿಕ ಆ ಬ್ರೌಸರಿನಿಂದ ಆರ್ಡರ್ ಬಂದರೆ ಎರಡನ್ನೂ ತಾಳೆ ನೋಡಿ ಕಮಿಷನ್ನನ್ನು ಆ ಟ್ಯಾಗಿನ ಖಾತೆಗೆ ಬರೆಯುತ್ತದೆ. ಟ್ಯಾಗ್ ವಿಳಾಸದೊಳಗೇ ಇರುವುದರಿಂದ, ಆ ಲಿಂಕನ್ನು ಯಾರೋ ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಕಳುಹಿಸಿದರೂ ಲೆಕ್ಕ ಮೂಲದವರಿಗೇ ಸೇರುತ್ತದೆ. ಆದರೆ ವೀಡಿಯೊ ನೋಡಿದವರು ವಸ್ತುವಿನ ಹೆಸರನ್ನು ನೆನಪಿಟ್ಟುಕೊಂಡು ತಾವೇ ಹುಡುಕಿ ಕೊಂಡರೆ, ಶಿಫಾರಸು ಎಷ್ಟೇ ಫಲಿಸಿದ್ದರೂ ಯಂತ್ರದ ಪಾಲಿಗೆ ಅದು ನಡೆದೇ ಇಲ್ಲ.

ಇನ್ನು ಆ ನೆನಪಿಗೆ ಆಯುಸ್ಸೆಷ್ಟು? ಅಮೆಜಾನಿನ ಅಮೆರಿಕದ ಒಪ್ಪಂದದ ಪ್ರಕಾರ ಒಂದು ಕ್ಲಿಕ್ಕಿನ ಬೆಲೆ 24 ಗಂಟೆ. ಆ ಅವಧಿಯಲ್ಲಿ ಗಿರಾಕಿ ವಸ್ತುವನ್ನು ಕಾರ್ಟಿಗೆ, ಎಂದರೆ ಖರೀದಿಯ ಬುಟ್ಟಿಗೆ, ಹಾಕಿಕೊಂಡಿದ್ದರೆ ಆ ಬುಟ್ಟಿ ಜೀವಂತವಾಗಿರುವ ತನಕ, ಸಾಮಾನ್ಯವಾಗಿ 90 ದಿನ, ಹಕ್ಕು ಉಳಿಯುತ್ತದೆ. ಹಾಕಿಕೊಳ್ಳದಿದ್ದರೆ ಮರುದಿನಕ್ಕೆ ಎಲ್ಲವೂ ಅಳಿಸಿಹೋಗುತ್ತದೆ. ಇದಕ್ಕಿಂತ ಕಠಿಣವಾದ ಷರತ್ತು ಇನ್ನೊಂದಿದೆ: 24 ಗಂಟೆ ತುಂಬುವ ಮುನ್ನವೇ ಅದೇ ಗಿರಾಕಿ ಬೇರೊಬ್ಬರ ಅಫಿಲಿಯೇಟ್ ಲಿಂಕನ್ನು ಒತ್ತಿದರೆ ಹಿಂದಿನವರ ಹಕ್ಕು ಅಲ್ಲಿಗೆ ಮುಗಿಯುತ್ತದೆ. ಇದನ್ನು ಕೊನೆಯ ಕ್ಲಿಕ್ಕಿನ ನಿಯಮ ಎನ್ನಬಹುದು, ಉದ್ಯಮದಲ್ಲಿ ಬಹುಪಾಲು ಯೋಜನೆಗಳು ಇದನ್ನೇ ಅನುಸರಿಸುತ್ತವೆ. ಇಪ್ಪತ್ತು ನಿಮಿಷ ಮಿಕ್ಸಿಯ ಜಾರು, ಬ್ಲೇಡು, ಮೋಟಾರಿನ ಕಾವು ಎಲ್ಲವನ್ನೂ ಪರೀಕ್ಷಿಸಿ ವಿವರಿಸಿದವರಿಗೆ ಬಿಡಿಗಾಸೂ ಸಿಗದೆ, ಹಣ ಕಟ್ಟುವ ಕ್ಷಣದಲ್ಲಿ ‘ರಿಯಾಯಿತಿ ಕೂಪನ್ ಇದೆ’ ಎಂದು ಅಡ್ಡಬಂದ ತಾಣಕ್ಕೆ ಪೂರ್ತಿ ಕಮಿಷನ್ ಸೇರುವುದು ಈ ನಿಯಮದ ನೇರ ಫಲ. ಯಂತ್ರವು ಮನವೊಲಿಕೆಯನ್ನು ಅಳೆಯಲಾರದು, ಸಾಮೀಪ್ಯವನ್ನಷ್ಟೇ ಅಳೆಯಬಲ್ಲದು. ಇದನ್ನು ಅನ್ಯಾಯವೆಂದೇ ಕರೆಯಬೇಕಾಗುತ್ತದೆ. ಇದಕ್ಕೆ ಎದುರಾಗಿ ಒಂದು ಅನಿರೀಕ್ಷಿತ ಲಾಭವೂ ಇದೆ: ಮಿಕ್ಸಿಗೆಂದು ಬಂದ ಗಿರಾಕಿ ಅದನ್ನು ಬಿಟ್ಟು ಶಾಲೆಯ ಚೀಲವನ್ನು ಕೊಂಡರೂ, ಅರ್ಹ ವಸ್ತುವಾಗಿದ್ದರೆ, ಕಮಿಷನ್ ಸಿಗುತ್ತದೆ.

ಸೋರಿಕೆಯ ಇನ್ನೊಂದು ಜಾಗ ಫೋನಿನೊಳಗೇ ಇದೆ. ಇನ್‌ಸ್ಟಾಗ್ರಾಂನಲ್ಲಿ ಲಿಂಕನ್ನು ಒತ್ತಿದಾಗ ಪುಟವು ಸಾಮಾನ್ಯವಾಗಿ ಆ ಆ್ಯಪಿನೊಳಗಿನ ಪುಟ್ಟ ಬ್ರೌಸರಿನಲ್ಲಿ ತೆರೆದುಕೊಳ್ಳುತ್ತದೆ, ಆ ಬ್ರೌಸರಿನ ಕುಕಿಗಳ ಡಬ್ಬಿಯೇ ಬೇರೆ, ಕ್ರೋಮ್ ಅಥವಾ ಸಫಾರಿಯ ಡಬ್ಬಿಯೇ ಬೇರೆ. ಅಲ್ಲಿ ವಸ್ತುವನ್ನು ನೋಡಿ, ಲಾಗಿನ್ ಆಗದೆ, ಸಂಜೆ ಮನೆಯ ಲ್ಯಾಪ್‌ಟಾಪಿನಲ್ಲಿ ಹಣ ಕಟ್ಟಿದ ಗಿರಾಕಿಯ ಕೈಯಲ್ಲಿ ಟೋಕನ್ ಇರುವುದಿಲ್ಲ. ಲಿಂಕು ನೇರವಾಗಿ ಮಾರಾಟ ಸಂಸ್ಥೆಯ ಆ್ಯಪನ್ನೇ ತೆರೆದು ಟ್ಯಾಗನ್ನೂ ಒಳಕ್ಕೆ ಒಯ್ಯುವಂತೆ ಮಾಡುವ ಡೀಪ್ ಲಿಂಕ್ ಎಂಬ ತಂತ್ರ ಇದಕ್ಕೆ ಒಂದು ಮಟ್ಟಿನ ಪರಿಹಾರ. ಮುಂಗಟ್ಟು ತೆರೆದವರು ತಮ್ಮ ಪ್ರತಿಯೊಂದು ಲಿಂಕನ್ನೂ ಬೇರೆ ಬೇರೆ ಫೋನುಗಳಲ್ಲಿ ಒತ್ತಿ, ಅದು ಎಲ್ಲಿ ತೆರೆದುಕೊಳ್ಳುತ್ತದೆ ಎಂಬುದನ್ನು ಪರೀಕ್ಷಿಸಿಕೊಳ್ಳುವುದು ಅಗತ್ಯ.

ಮಾರಾಟಗಾರರಿಗೂ ಶಿಫಾರಸುದಾರರಿಗೂ ನಡುವೆ ಮೂರನೆಯ ಸಂಸ್ಥೆಯೊಂದು ಲೆಕ್ಕ ಇಡುವ ಪದ್ಧತಿಯೂ ಇದೆ, ಇಂಥ ಸಂಸ್ಥೆಯನ್ನು ಅಫಿಲಿಯೇಟ್ ನೆಟ್‌ವರ್ಕ್ ಎನ್ನುತ್ತಾರೆ. ಫ್ಯಾಷನ್ ಬರಹಗಾರರಿಗಾಗಿ 2011ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ಹುಟ್ಟಿ ಈಗ ಎಲ್‌ಟಿಕೆ ಎಂದು ಹೆಸರಾಗಿರುವ ಸಂಸ್ಥೆ ಈ ಬಗೆಯ ಕೆಲಸಕ್ಕೆ ಹೆಸರುವಾಸಿ. ಇಲ್ಲಿ ಕ್ಲಿಕ್ಕು ಮೊದಲು ನೆಟ್‌ವರ್ಕಿನ ಸರ್ವರಿಗೆ ಹೋಗಿ, ಅಲ್ಲಿಂದ ಕಣ್ಣು ಮಿಟುಕಿಸುವಷ್ಟರಲ್ಲಿ ಅಂಗಡಿಗೆ ತಿರುಗುತ್ತದೆ. ಹಿಂದೆ ನೆಟ್‌ವರ್ಕ್ ತನ್ನದೇ ಕುಕಿಯನ್ನು ಇಟ್ಟು, ಅಂಗಡಿಯ ಧನ್ಯವಾದದ ಪುಟದಲ್ಲಿ ಅಡಗಿಸಿಟ್ಟ ಕಣ್ಣಿಗೆ ಕಾಣದ ಚಿತ್ರದ ಮೂಲಕ ಅದನ್ನು ಓದಿಕೊಳ್ಳುತ್ತಿತ್ತು. ನೋಡುತ್ತಿರುವ ತಾಣದ್ದಲ್ಲದೆ ಪರರದ್ದಾದ ಇಂಥ ಕುಕಿಗಳು ಜನರ ಬೆನ್ನುಹತ್ತುವ ಜಾಹೀರಾತುಗಳಿಗೂ ಆಧಾರವಾಗಿದ್ದರಿಂದ, ಆ್ಯಪಲ್ 2020ರ ಮಾರ್ಚ್‌ನಲ್ಲಿ ಸಫಾರಿಯಿಂದ ಅವನ್ನು ಪೂರ್ತಿ ಹೊರಹಾಕಿತು. ಗೂಗಲ್ ಅದೇ ವರ್ಷ ಕ್ರೋಮಿನಿಂದಲೂ ತೆಗೆಯುವುದಾಗಿ ಘೋಷಿಸಿ, ಮತ್ತೆ ಮತ್ತೆ ಮುಂದೂಡಿ, 2024ರಲ್ಲಿ ಆ ಯೋಜನೆಯನ್ನೇ ಕೈಬಿಟ್ಟಿತು. ಈಗ ನೆಟ್‌ವರ್ಕುಗಳು ಪ್ರತಿ ಕ್ಲಿಕ್ಕಿಗೂ ಒಂದು ಸಂಖ್ಯೆ ಕೊಟ್ಟು ಅಂಗಡಿಯ ವಶಕ್ಕೆ ಒಪ್ಪಿಸುತ್ತವೆ, ಮಾರಾಟವಾದಾಗ ಅಂಗಡಿಯ ಸರ್ವರು ಆ ಸಂಖ್ಯೆಯನ್ನು ನೇರವಾಗಿ ನೆಟ್‌ವರ್ಕಿನ ಸರ್ವರಿಗೆ ಹಿಂದಿರುಗಿಸುತ್ತದೆ. ಗಿರಾಕಿಯ ಬ್ರೌಸರಿಗೆ ಈ ಎರಡನೆಯ ಮಾತುಕತೆಯಲ್ಲಿ ಪಾತ್ರವೇ ಇಲ್ಲ.

ನೆನಪನ್ನು ಕೃತಕವಾಗಿ ತುಂಬುವ ವಂಚನೆಯೂ ಹಳೆಯದೇ. ಯಾರೂ ಒತ್ತದ ಲಿಂಕುಗಳ ಕುಕಿಗಳನ್ನು ಪುಟಕ್ಕೆ ಬಂದವರೆಲ್ಲರ ಬ್ರೌಸರಿಗೆ ಗುಟ್ಟಾಗಿ ತುರುಕಿ, ಅವರು ಮುಂದೆಂದಾದರೂ ಕೊಂಡ ವಸ್ತುಗಳಿಗೆ ಕಮಿಷನ್ ಪಡೆಯುವ ಈ ಕೆಲಸಕ್ಕೆ ಕುಕಿ ಸ್ಟಫಿಂಗ್ ಎಂದು ಹೆಸರು. ಈಬೇ ಸಂಸ್ಥೆಯನ್ನು ಹೀಗೆ ವಂಚಿಸಿದ ಇಬ್ಬರಿಗೆ 2014ರಲ್ಲಿ ಅಮೆರಿಕದ ನ್ಯಾಯಾಲಯ ಜೈಲುಶಿಕ್ಷೆ ವಿಧಿಸಿತು.

ಮುಂಗಟ್ಟು ತೆರೆಯುವ ಕ್ರಮ ಇಷ್ಟು ಜಟಿಲವಲ್ಲ. ಎಲ್ಲರಿಗೂ ಕಾಣುವಂತಿರುವ ಸಾಮಾಜಿಕ ಜಾಲದ ಖಾತೆಯೊಂದನ್ನು ಜೋಡಿಸಿ ಅರ್ಜಿ ಹಾಕಬೇಕು, ಸಂಸ್ಥೆ ಅದರ ಅನುಯಾಯಿಗಳನ್ನೂ ಚಟುವಟಿಕೆಯನ್ನೂ ನೋಡಿ ಒಪ್ಪುತ್ತದೆ, ಭಾರತದಲ್ಲಿ ಪ್ಯಾನ್ ಮತ್ತು ಬ್ಯಾಂಕ್ ಖಾತೆಯ ವಿವರಗಳನ್ನು ಕೊಡಬೇಕು, ಆ ಬಳಿಕ ಪಟ್ಟಿಗಳನ್ನು ಕಟ್ಟಿ ವಸ್ತುಗಳನ್ನು ಸೇರಿಸಬಹುದು. ಇಲ್ಲಿ ಗಮನಿಸಬೇಕಾದದ್ದು ಟ್ಯಾಗುಗಳ ಬಳಕೆ: ಒಂದೇ ಖಾತೆಯಡಿ ಹಲವು ಟ್ಯಾಗುಗಳನ್ನು ಮಾಡಿಕೊಳ್ಳಲು ಅವಕಾಶವಿರುವುದರಿಂದ, ಯೂಟ್ಯೂಬಿಗೊಂದು, ಇನ್‌ಸ್ಟಾಗ್ರಾಂಗೊಂದು ಎಂದು ವಿಂಗಡಿಸಿಕೊಂಡವರಿಗೆ ಮಾತ್ರ ಎಲ್ಲಿಂದ ಗಿರಾಕಿ ಬರುತ್ತಿದ್ದಾನೆ ಎಂಬುದು ತಿಳಿಯುತ್ತದೆ. ತಮ್ಮದೇ ಲಿಂಕಿನಿಂದ ತಾವೇ ಕೊಂಡರೆ ಕಮಿಷನ್ ಸಲ್ಲದು. ಗಿರಾಕಿ ವಸ್ತುವನ್ನು ವಾಪಸು ಮಾಡಿದರೆ ಬರೆದ ಕಮಿಷನ್ ಅಳಿಸಿಹೋಗುತ್ತದೆ, ಅಮೆಜಾನ್ ತಿಂಗಳು ಮುಗಿದ ಮೇಲೆ ಸುಮಾರು 60 ದಿನ ಕಾದು ಹಣ ಕೊಡುವುದಕ್ಕೆ ಇದೂ ಒಂದು ಕಾರಣ. ಬೆಂಗಳೂರಿನಲ್ಲೇ ಕೇಂದ್ರ ಕಚೇರಿಯುಳ್ಳ ಫ್ಲಿಪ್‌ಕಾರ್ಟ್ ಮತ್ತು ಮಿಂತ್ರಾಗಳ ಜೊತೆಗೂಡಿ ಯೂಟ್ಯೂಬ್ 2024ರ ಅಕ್ಟೋಬರಿನಲ್ಲಿ ಭಾರತಕ್ಕೆ ತನ್ನ ಶಾಪಿಂಗ್ ಅಫಿಲಿಯೇಟ್ ಯೋಜನೆಯನ್ನು ತಂದ ಮೇಲೆ, ವಸ್ತುಗಳನ್ನು ವೀಡಿಯೊದೊಳಗೇ ತೂಗುಹಾಕುವುದು ಸಾಧ್ಯವಾಗಿದೆ.

ಆದಾಯದ ಲೆಕ್ಕವನ್ನು ಕಣ್ತೆರೆದು ಮಾಡಬೇಕು. ಶೇಕಡಾ 4ರ ದರವಿದ್ದು 2,000 ರೂಪಾಯಿಯ ವಸ್ತುವೊಂದು ಮಾರಾಟವಾದರೆ ಸಿಗುವುದು 80 ರೂಪಾಯಿ, ಲಿಂಕನ್ನು ಒತ್ತಿದ ನೂರು ಮಂದಿಯಲ್ಲಿ ಇಬ್ಬರು ಕೊಂಡರೆಂದು ಊಹಿಸಿದರೆ ನೂರು ಕ್ಲಿಕ್ಕಿನ ಬೆಲೆ 160 ರೂಪಾಯಿ. ಅದರಲ್ಲೂ ದರವನ್ನು ನಿಗದಿ ಮಾಡುವ ಅಧಿಕಾರ ಪೂರ್ತಿಯಾಗಿ ಸಂಸ್ಥೆಯ ಕೈಯಲ್ಲಿದೆ. 2020ರ ಏಪ್ರಿಲ್‌ನಲ್ಲಿ, ಕೋವಿಡ್ ಕಾರಣದಿಂದ ಜನ ಮನೆಯಲ್ಲೇ ಕುಳಿತು ಆನ್‌ಲೈನಿನಲ್ಲಿ ಕೊಳ್ಳುತ್ತಿದ್ದ ದಿನಗಳಲ್ಲೇ, ಅಮೆಜಾನ್ ಅಮೆರಿಕದಲ್ಲಿ ಪೀಠೋಪಕರಣಗಳ ಕಮಿಷನ್ನನ್ನು ಶೇ. 8ರಿಂದ 3ಕ್ಕೂ ದಿನಸಿಯದನ್ನು ಶೇ. 5ರಿಂದ 1ಕ್ಕೂ ಇಳಿಸಿತು. ವರ್ಷಗಟ್ಟಲೆ ಕಟ್ಟಿದ ಮುಂಗಟ್ಟಿನ ಗಳಿಕೆ ಒಂದು ಪ್ರಕಟಣೆಯಿಂದ ಅರ್ಧಕ್ಕಿಂತ ಕೆಳಗೆ ಕುಸಿಯಬಹುದಾದ್ದರಿಂದ, ಇದೊಂದನ್ನೇ ನಂಬಿ ಕೈಯಲ್ಲಿರುವ ಕೆಲಸ ಬಿಡುವುದು ವಿವೇಕವಲ್ಲ.

ಈ ಯಂತ್ರ ನೋಡುಗರ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ, ಶಿಫಾರಸಿನ ಹಿಂದೆ ಹಣವಿದೆ ಎಂಬುದನ್ನು ಬಾಯಿಬಿಟ್ಟು ಹೇಳುವ ಹೊಣೆಯನ್ನು ಕಾನೂನು ಶಿಫಾರಸುದಾರರ ಮೇಲೆಯೇ ಹೊರಿಸಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ ರೂಪಾಯಿಯವರೆಗೂ ಮತ್ತೆ ತಪ್ಪಿದರೆ 50 ಲಕ್ಷದವರೆಗೂ ದಂಡ ವಿಧಿಸಬಹುದು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಹೊರತಂದ ಕೈಪಿಡಿಯ ಪ್ರಕಾರ, ವೀಡಿಯೊದಲ್ಲಿ ಈ ಮಾತು ಕೆಳಗಿನ ವಿವರಣೆಯಲ್ಲಿದ್ದರೆ ಸಾಲದು, ವೀಡಿಯೊದೊಳಗೇ ದನಿಯಲ್ಲೂ ಅಕ್ಷರದಲ್ಲೂ ಇರಬೇಕು, ಹ್ಯಾಶ್‌ಟ್ಯಾಗುಗಳ ರಾಶಿಯಲ್ಲಿ ಅದನ್ನು ಬೆರೆಸಬಾರದು. ಕನ್ನಡದಲ್ಲಿ ಮಾತನಾಡಿ ಕನ್ನಡಿಗರ ವಿಶ್ವಾಸ ಗಳಿಸಿದವರು ಈ ಒಂದು ವಾಕ್ಯಕ್ಕೆ ಮಾತ್ರ ಇಂಗ್ಲಿಷಿನ ಮೊರೆಹೋಗುವುದು ತರವಲ್ಲ. ‘ಈ ಲಿಂಕಿನಿಂದ ಕೊಂಡರೆ ನಮಗೆ ಕಮಿಷನ್ ಬರುತ್ತದೆ’ ಎಂಬುದನ್ನು ಅವರು ಕನ್ನಡದಲ್ಲೇ, ವಸ್ತುವನ್ನು ತೋರಿಸುವ ಮೊದಲೇ, ಸ್ಪಷ್ಟವಾಗಿ ಹೇಳಬೇಕು.