ಒಂದು ಸಣ್ಣ ಊರಿನ ಬ್ಯಾಂಕು

ಬ್ಯಾಂಕಿನ ಕಟ್ಟಡವೆಂದೊಡನೆ ಕಣ್ಣ ಮುಂದೆ ನಿಲ್ಲುವುದು ಸಾಲುಗಂಬಗಳ ಗ್ರೀಕ್ ದೇವಾಲಯದ ಮುಖ. ಠೇವಣಿ ಇಡುವವನಿಗೆ ಧೈರ್ಯ ಬರಲೆಂದು ಹಣದ ವ್ಯವಹಾರಸ್ಥರು ಎರವಲು ತಂದ ವೇಷ ಅದು. ಆ ವೇಷವನ್ನು ಬೇಡವೆಂದ ಒಂದು ಸಣ್ಣ ಊರಿನ ಕಥೆಯನ್ನು ಈ ಹೊತ್ತು ಅರಿಕೆ ಮಾಡುತ್ತೇನೆ.

ಅಮೆರಿಕದ ಮಿನೆಸೋಟ ಸಂಸ್ಥಾನದಲ್ಲಿ ಓವಟೋನ ಎಂಬ ಊರುಂಟು. ಸುತ್ತಲೂ ಹೊಲ, ಹೈನು. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಅದರ ಜನಸಂಖ್ಯೆ 6,000ವನ್ನು ಮುಟ್ಟಿರಲಿಲ್ಲ. ಅಲ್ಲಿಯ ನ್ಯಾಷನಲ್ ಫಾರ್ಮರ್ಸ್ ಬ್ಯಾಂಕಿಗೆ ಹೊಸ ಕಟ್ಟಡ ಬೇಕಾದಾಗ, ರೈತರ ಬ್ಯಾಂಕಿಗೆ ಗ್ರೀಕರ ಗುಡಿ ಒಪ್ಪದೆಂದು ಅದರ ಆಡಳಿತಗಾರ ಕಾರ್ಲ್ ಬೆನೆಟ್ಟರಿಗೆ ತೋರಿತು. ಅವರು ಷಿಕಾಗೋ ನಗರದ ಶಿಲ್ಪಿ ಲೂಯಿ ಸಲಿವನ್ನರನ್ನು ಕರೆಸಿದರು. ಕಟ್ಟಡದ ಆಕಾರ ಅದರ ಉಪಯೋಗದಿಂದಲೇ ಹುಟ್ಟಬೇಕೆಂಬುದು ಸಲಿವನ್ನರ ಮತ. ಗಗನಚುಂಬಿ ಸೌಧಗಳಿಂದ ಹೆಸರಾಂತರಾಗಿದ್ದರೂ, 1895ರಲ್ಲಿ ಪಾಲುದಾರ ಆಡ್ಲರರು ಅಗಲಿದ ಬಳಿಕ ಅವರಿಗೆ ಕೆಲಸ ವಿರಳವಾಗಿತ್ತು.

1908ರಲ್ಲಿ ಕಟ್ಟಡ ಮುಗಿಯಿತು. ಅದರ ಮೂಲರೂಪ ಬಹು ಸರಳ: 68 ಅಡಿ ಚೌಕದ ಒಂದು ಪೆಟ್ಟಿಗೆ. ಕೆಂಪು ಮರಳುಗಲ್ಲಿನ ಪೀಠ, ಮೇಲೆ ಇಟ್ಟಿಗೆಯ ಗೋಡೆ, ಬೀದಿಯ ಕಡೆಯ ಎರಡು ಮುಖಗಳಲ್ಲಿ 36 ಅಡಿ ಅಗಲದ ಒಂದೊಂದು ಕಮಾನು. ಗೋಡೆ “ನಿಮ್ಮ ಹಣ ಭದ್ರ” ಎನ್ನುತ್ತದೆ. ಕಮಾನು “ಒಳಗೆ ಬನ್ನಿ” ಎನ್ನುತ್ತದೆ. ನಮ್ಮ ಹೊಯ್ಸಳ ಶಿಲ್ಪಿ ಗೋಡೆಯನ್ನೆಲ್ಲ ಕೆತ್ತನೆಯಿಂದ ತುಂಬಿದನು. ಇಲ್ಲಿಯಾದರೋ ಗೋಡೆಯನ್ನು ಬರಿದಾಗಿ ಬಿಟ್ಟು, ಅಂಚು ಮೂಲೆಗಳಲ್ಲಿ ಮಾತ್ರ ಸುಟ್ಟ ಮಣ್ಣಿನ ಎಲೆಬಳ್ಳಿಗಳನ್ನು ಕೂಡಿಸಿದ್ದಾರೆ. ಈ ಅಲಂಕಾರದಲ್ಲಿ ಸಹಾಯಕ ಜಾರ್ಜ್ ಎಲ್ಮ್ಸ್ಲಿಯವರ ಕೈವಾಡ ದೊಡ್ಡದು. ಒಳಗೆ ಬಣ್ಣದ ಗಾಜಿನಿಂದ ಸೋಸಿ ಬರುವ ಬೆಳಕು. ಎರಡೆರಡು ಟನ್ನಿಗೂ ಮೀರಿ ತೂಗುವ ನಾಲ್ಕು ಎರಕದ ದೀಪಗುಚ್ಛಗಳು. ಗೋಡೆಯ ಚಿತ್ರಗಳಲ್ಲಿ ಮೇಯುವ ಹಸುಗಳು, ಕೊಯ್ಲಿನ ಹೊಲ. ರೈತರು ಕುಳಿತು ಮಾತನಾಡಲು ಪ್ರತ್ಯೇಕವಾದ ಒಂದು ಕೋಣೆಯೂ ಇದ್ದಿತು. ಸಾಲ ಕೇಳಲು ಬಂದವನು ಅಲ್ಲಿ ತನ್ನ ಬಾಳನ್ನೇ ಗೋಡೆಯ ಮೇಲೆ ಕಾಣುತ್ತಿದ್ದನು.

ಆದರೆ ಗಟ್ಟಿಯಾದ ಗೋಡೆ ಬ್ಯಾಂಕನ್ನು ಕಾಯಲಿಲ್ಲ. ಮೊದಲನೆಯ ಮಹಾಯುದ್ಧ ಮುಗಿದಮೇಲೆ ದವಸದ ಬೆಲೆ ಕುಸಿಯಿತು, ಸಾಲಗಳು ಮರಳಲಿಲ್ಲ, 1926ರಲ್ಲಿ ಬ್ಯಾಂಕು ಮುಚ್ಚಿತು. ಸಲಿವನ್ನರು ಅದಕ್ಕೆ ಎರಡು ವರ್ಷ ಮೊದಲೇ, 1924ರಲ್ಲಿ, ಬಡತನದಲ್ಲಿ ತೀರಿಕೊಂಡಿದ್ದರು. ಕಟ್ಟಡ ಬೇರೊಂದು ಬ್ಯಾಂಕಿನ ಕೈಸೇರಿತು. 1940ರಲ್ಲಿ ಅನುಕೂಲದ ಹೆಸರಿನಲ್ಲಿ ಒಳಭಾಗದ ಬಹುಪಾಲನ್ನು ಕೆಡಿಸಿದರು. 1950ರ ದಶಕದ ಕೊನೆಯಲ್ಲಿ ಹಾರ್ವೆಲ್ ಹ್ಯಾಮಿಲ್ಟನ್ ಹ್ಯಾರಿಸರ ನೇತೃತ್ವದಲ್ಲಿ, ಉಳಿದುದನ್ನು ಗೌರವಿಸುವ ಜೀರ್ಣೋದ್ಧಾರ ನಡೆಯಿತು. 1976ರಲ್ಲಿ ಅದು ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆನಿಸಿತು; 1981ರಲ್ಲಿ ಅಮೆರಿಕದ ಅಂಚೆಚೀಟಿಯ ಮೇಲೂ ಕಾಣಿಸಿಕೊಂಡಿತು.

ಲೆಕ್ಕದ ಪುಸ್ತಕದಲ್ಲಿ ಆ ಬ್ಯಾಂಕು ಸೋತಿತು. ಆದರೂ ಊರಿನವರಿಗೆ ಅದು ಬಿಟ್ಟುಹೋದ ಆಸ್ತಿ ಚಿಕ್ಕದಲ್ಲ. ಕಟ್ಟಿಸುವವರು ತಮ್ಮ ಜನರು ಯಾರೆಂಬುದನ್ನು ಮೊದಲು ವಿಚಾರಿಸಿ, ಬಳಿಕ ಕಲ್ಲು ಇಟ್ಟಿಗೆಗಳನ್ನು ತರಿಸಿದರೆ, ಸಂಸ್ಥೆ ಅಳಿದರೂ ಕಟ್ಟಡ ಊರಿನದಾಗಿ ಉಳಿಯುತ್ತದೆ.